ಮಾಪುಟೊದ ಸಹಿ, ಆಳಂದದ ತೊಗರಿ

2016ರ ಜುಲೈ 7ರಂದು ಆಫ್ರಿಕದ ಪೂರ್ವ ಕರಾವಳಿಯ ಮಾಪುಟೊ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಮೊಜಾಂಬಿಕ್‌ನ ರೈತರು ಬೆಳೆದ ತೊಗರಿಯನ್ನು ಭಾರತ ಕೊಳ್ಳಬೇಕು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್. ಇತ್ತ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅದು ಪುನರ್ವಸು ಮಳೆಯ ಕಾಲ. ಮೃಗಶಿರಾಕ್ಕೆ ಬಿತ್ತಿದವರ ಹೊಲದಲ್ಲಿ ಆಗ ತೊಗರಿ ಸಾಲು ಹಿಡಿದಿರುತ್ತದೆ, ಮಳೆ ತಡವಾದ ಕಡೆ ಕೂರಿಗೆ ಇನ್ನೂ ಹೊಲದಲ್ಲೇ ಇರುತ್ತದೆ. ಕೂರಿಗೆ ಹೊಡೆಯುವವರನ್ನು ಯಾರೂ ಕೇಳದೆ ಆದ ಆ ಸಹಿಗೂ ಅವರು ಮುಂದಿನ ಸಂಕ್ರಾಂತಿಗೆ ಗಂಜಿನ ಮಾರುಕಟ್ಟೆಗೆ ಒಯ್ಯುವ ಚೀಲದ ಬೆಲೆಗೂ ನೇರ ಸಂಬಂಧವಿತ್ತು.

ಅದರ ಹಿಂದಿನ ವರ್ಷದ ಕಥೆ ಎಲ್ಲರ ಅಡುಗೆಮನೆಗೂ ಗೊತ್ತು. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. 2015ರ ಕೊನೆಗೆ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಹಂಗಾಮಿನಲ್ಲಿ ದೇಶದ ಒಟ್ಟು ತೊಗರಿ ಉತ್ಪನ್ನ 25.6 ಲಕ್ಷ ಟನ್ ಮಾತ್ರ. ಸರ್ಕಾರ ಒಂದು ಕಡೆ ಹೊರದೇಶಗಳತ್ತ ಓಡಿತು, ಇನ್ನೊಂದು ಕಡೆ ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಿಸಿ ಇಲ್ಲಿನ ರೈತರಿಗೆ ಬಿತ್ತಿರೆಂದು ಹೇಳಿತು. ರೈತರು ಬಿತ್ತಿದರು. ಮಳೆಯೂ ಬಂತು. 2016-17ರಲ್ಲಿ ಉತ್ಪನ್ನ 48.7 ಲಕ್ಷ ಟನ್‌ಗೆ ಏರಿತು, ಹೆಚ್ಚುಕಮ್ಮಿ ಇಮ್ಮಡಿ. ಅದೇ ವರ್ಷ ಸುಮಾರು 7 ಲಕ್ಷ ಟನ್ ತೊಗರಿ ಹಡಗಿನಲ್ಲೂ ಬಂದಿಳಿಯಿತು, ಒಂದು ಪೈಸೆ ಸುಂಕವಿಲ್ಲದೆ. ಗಂಜಿನಲ್ಲಿ ಧಾರಣೆ 4,000ದ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಬಿತ್ತು. ಆಮದಿನ ಮೇಲೆ ಶೇ 10ರ ಸುಂಕ ಬಿದ್ದದ್ದು 2017ರ ಮಾರ್ಚ್ ಕೊನೆಯ ವಾರದಲ್ಲಿ.

ಮಾರ್ಚ್ ಕೊನೆಗೆ ಇಲ್ಲಿ ಯಾರ ಮನೆಯಲ್ಲಿ ತೊಗರಿ ಉಳಿದಿರುತ್ತದೆ? ಗೋದಾಮು ಇದ್ದವರ ಬಳಿ. ಅಡತಿ ಅಂಗಡಿಯಿಂದ ಬೀಜ, ಗೊಬ್ಬರ, ಔಷಧಕ್ಕೆ ಮುಂಗಡ ತಂದವನ ರಾಶಿ ಕಣದಿಂದ ನೇರ ಗಂಜಿಗೇ ಹೋಗುತ್ತದೆ. ಅವನಿಗೆ ಕಾಯುವ ಅವಕಾಶವೇ ಇಲ್ಲ. ಸುಂಕದ ಆ ಆದೇಶ ಸರಿಯಾದದ್ದೇ, ಆದರೆ ಅದು ಯಾರಿಗಾಗಿ ಬರಬೇಕಿತ್ತೋ ಅವರು ಮಾರಿ ಮುಗಿಸಿದ ಮೇಲೆ ಬಂತು. ಜಾಗತೀಕರಣದ ಬಗ್ಗೆ ನಾವು ಓದುವ ಬರಹಗಳಲ್ಲಿ ಬೆಂಗಳೂರಿನ ಗಾಜಿನ ಕಟ್ಟಡಗಳು ಬರುತ್ತವೆ, ಕಾಲ್ ಸೆಂಟರ್‌ಗಳು ಬರುತ್ತವೆ. ಈ ಮೂರು ತಾಲ್ಲೂಕುಗಳಿಗೆ ಅದು ಬಂದದ್ದು ಹಾಗಲ್ಲ. ಇಲ್ಲಿಗೆ ಅದು ತೊಗರಿ ಚೀಲದ ದಾರಿಯಲ್ಲಿ ಬಂತು.

ಭಾವ ಎಷ್ಟದರಿ?

ಆಳಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಅಲ್ಲಿಯವರಿಗೆ ಸೊಲ್ಲಾಪುರ ಕಲಬುರಗಿಯಷ್ಟೇ ಬಳಕೆಯ ಊರು. ಅಫಜಲಪುರ ಭೀಮೆಯ ದಂಡೆಯುದ್ದಕ್ಕೂ ಚಾಚಿಕೊಂಡಿದೆ. ದೇವಲ ಗಾಣಗಾಪುರದ ದತ್ತನಿಗೂ ಘತ್ತರಗಿಯ ಭಾಗ್ಯವಂತಿಗೂ ನಡೆದುಕೊಳ್ಳುವ ಭಕ್ತರಲ್ಲಿ ಅರ್ಧ ಜನ ಗಡಿಯಾಚೆಯವರು. ಜೇವರ್ಗಿ ಹೊಳೆಯ ತೆಂಕಣ ದಡದಲ್ಲಿದೆ. ಮೂರರಲ್ಲೂ ಆಳವಾದ ಎರಿ ಭೂಮಿ, ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸಿನ ಮಳೆ, ಮತ್ತು ತೊಗರಿ. ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಹೆಕ್ಟೇರಿನಲ್ಲಿ ತೊಗರಿ ಬಿತ್ತುತ್ತಾರೆ. ತೊಗರಿಯ ಕಣಜ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 2019ರಲ್ಲಿ ಜಿಲ್ಲೆಯ ಹಳೆಯ ಹೆಸರಿನಲ್ಲೇ ‘ಗುಲ್ಬರ್ಗ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಸುಣ್ಣದ ಅಂಶ ಹೆಚ್ಚಿರುವ ಈ ಮಣ್ಣಿನ ಬೇಳೆ ಬೇಗ ಬೇಯುತ್ತದೆ, ರುಚಿಯೂ ಬೇರೆ ಎಂಬುದು ಇಲ್ಲಿನ ಹೆಣ್ಣುಮಕ್ಕಳಿಗೆ ಮಾನ್ಯತೆಯ ಪತ್ರ ಬರುವ ಮೊದಲೇ ಗೊತ್ತಿದ್ದ ಸಂಗತಿ.

ಡಿಸೆಂಬರ್, ಜನವರಿಯಲ್ಲಿ ಕಲಬುರಗಿಯ ನೆಹರು ಗಂಜಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಟ್ರ್ಯಾಕ್ಟರು, ಟಂಟಂ, ಹಮಾಲರ ಕೂಗು, ಧೂಳು. ಇಳಿದವರು ಕೇಳುವ ಮೊದಲ ಮಾತು, ಇವತ್ತು ಭಾವ ಎಷ್ಟದರಿ? ಆ ಪ್ರಶ್ನೆಗೆ ಉತ್ತರ ಗಂಜಿನಲ್ಲಿ ಹುಟ್ಟುವುದಿಲ್ಲ. ವ್ಯಾಪಾರಿಯ ಮೊಬೈಲಿನಲ್ಲಿ ಬೆಳಗಾಗುವುದರೊಳಗೆ ಮುಂಬೈ, ಚೆನ್ನೈ ಬಂದರುಗಳ ದರ ಬಂದಿರುತ್ತದೆ. ಬರ್ಮಾದಿಂದ ಬರುವ ಲೆಮನ್ ತೊಗರಿ, ತಾಂಜಾನಿಯಾದ ಅರೂಷಾ ಮತ್ತು ಮಟವಾರಾ, ಮೊಜಾಂಬಿಕ್‌ನ ಗಜರಿ, ಇವೆಲ್ಲ ಈಗ ಬೇಳೆ ವ್ಯಾಪಾರದ ಮನೆಮಾತು. ಲೆಮನ್ ಇಳಿದರೆ ನಮ್ಮ ತೊಗರಿಯೂ ಇಳಿಯುತ್ತದೆ. ರುಚಿಯಲ್ಲಿ, ಬೇಯುವುದರಲ್ಲಿ ನಮ್ಮದು ಮೇಲು ಎಂದು ಗೊತ್ತಿದ್ದರೂ ಹೋಟೆಲಿನ ಸಾಂಬಾರಿಗೆ ಆ ಭೇದ ಬೇಕಿಲ್ಲ.

ಈ ಬೆಳೆಯ ಪಯಣವೇ ವಿಚಿತ್ರ. ತೊಗರಿಯ ತವರು ಭಾರತ. ಇಲ್ಲಿಂದಲೇ ಅದು ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಆಫ್ರಿಕ ಸೇರಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸಾಟ್ ಸಂಸ್ಥೆ ಕಲಬುರಗಿಯ ರೈತರಿಗೂ ತಳಿ ಕೊಟ್ಟಿತು, ಪೂರ್ವ ಆಫ್ರಿಕದ ರೈತರಿಗೂ ಕೊಟ್ಟಿತು. ನೆಟೆ ರೋಗ ತಾಳುವ ಮಾರುತಿ ತಳಿ 80ರ ದಶಕದಲ್ಲಿ ನಮ್ಮ ಹೊಲಗಳಿಗೆ ಬಂದು ಎಷ್ಟೋ ಮನೆಗಳನ್ನು ಉಳಿಸಿತು. ಅದೇ ಸಂಸ್ಥೆಯ ಬೇರೆ ತಳಿಗಳು ಮಲಾವಿ, ತಾಂಜಾನಿಯಾ, ಮೊಜಾಂಬಿಕ್‌ನ ಸಣ್ಣ ಹಿಡುವಳಿಗಳಲ್ಲಿ ಬೇರೂರಿದವು. ಅಲ್ಲಿನವರು ತೊಗರಿಯನ್ನು ಬಹುಪಾಲು ನಮಗಾಗಿಯೇ ಬೆಳೆಯುತ್ತಾರೆ. ಕೊಳ್ಳುವ ದೊಡ್ಡ ದೇಶ ಇದೊಂದೇ.

ತೆರೆದು ಮುಚ್ಚುವ ಬಾಗಿಲು

2017ರ ಆಗಸ್ಟ್ 5ರಂದು ದೆಹಲಿಯಿಂದ ಇನ್ನೊಂದು ಆದೇಶ ಹೊರಟಿತು. ವರ್ಷಕ್ಕೆ 2 ಲಕ್ಷ ಟನ್‌ಗಿಂತ ಹೆಚ್ಚು ತೊಗರಿ ಆಮದಾಗಕೂಡದು. ಒಪ್ಪಂದದ ಪಾಲು ಬೇರೆ, ಅದಕ್ಕೆ ಈ ಮಿತಿ ಇಲ್ಲ. ಕಲಬುರಗಿಯಲ್ಲಿ ಇದನ್ನು ಸ್ವಾಗತಿಸಿದರು, ಸ್ವಾಗತಿಸಲೇಬೇಕಿತ್ತು. ಆದರೆ ಆಗಸ್ಟ್ ಎಂದರೆ ಮೊಜಾಂಬಿಕ್‌ನ ಜಾಂಬೇಜಿಯಾ, ನಾಂಪುಲಾ ಪ್ರಾಂತಗಳಲ್ಲಿ ತೊಗರಿ ಕಿತ್ತು ರಾಶಿ ಮಾಡುವ ಕಾಲ. ಭಾರತದ ಮಾತು ನಂಬಿ ಹಿಂದಿನ ವರ್ಷಕ್ಕಿಂತ ಹೆಚ್ಚು ಬಿತ್ತಿದ್ದ ಅಲ್ಲಿನ ರೈತನಿಗೆ ಒಪ್ಪಂದದ ಪಾಲಿನಾಚೆಗೆ ಒಂದೇ ಸಲಕ್ಕೆ ಕೊಳ್ಳುವವರೇ ಇಲ್ಲವಾದರು. ಧಾರಣೆ ನೆಲ ಕಚ್ಚಿತು. ಮಲಾವಿಯಲ್ಲೂ ತಾಂಜಾನಿಯಾದಲ್ಲೂ ಹಾಗೇ ಆಯಿತು.

ಆಳಂದದ ರೈತ 2017ರ ಜನವರಿಯಲ್ಲಿ ಕಂಡದ್ದನ್ನು ನಾಂಪುಲಾದ ರೈತ ಅದೇ ವರ್ಷದ ಆಗಸ್ಟಿನಲ್ಲಿ ಕಂಡ. ಇಬ್ಬರೂ ಸಣ್ಣ ಹಿಡುವಳಿದಾರರು, ಇಬ್ಬರೂ ಮಳೆ ನಂಬಿದವರು, ಇಬ್ಬರಿಗೂ ಬೆಳೆಯಿರಿ ಎಂದು ಹೇಳಿದ್ದು ಒಂದೇ ಸರ್ಕಾರ. ಹೊರಗಿನ ತೊಗರಿ ನಮ್ಮನ್ನು ಕೊಂದಿತು ಎಂಬ ಮಾತನ್ನು ಸಭೆಗಳಲ್ಲಿ ಕೇಳುವಾಗ ನನಗೆ ಈ ಆಗಸ್ಟ್ ನೆನಪಾಗುತ್ತದೆ. ಆಫ್ರಿಕದ ರೈತ ನಮ್ಮ ಶತ್ರುವಲ್ಲ. ಬಾಗಿಲು ತೆರೆದಿರುವುದೂ ಮುಚ್ಚಿರುವುದೂ ಅಷ್ಟು ದೊಡ್ಡ ಕೇಡಲ್ಲ. ಯಾವಾಗ ತೆರೆಯುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂದು ಬಿತ್ತುವವನಿಗೆ ಗೊತ್ತಾಗದಿರುವುದೇ ಕೇಡು.

ಆ ಬಾಗಿಲು ಎಷ್ಟು ಸಲ ಹೊರಳಿದೆ ನೋಡಿ. 2006ರ ಜೂನ್‌ನಲ್ಲಿ ಬೇಳೆಕಾಳು ರಫ್ತು ನಿಷೇಧವಾಯಿತು. ಅದು ತೆರವಾದದ್ದು 2017ರಲ್ಲಿ. ಹನ್ನೊಂದು ವರ್ಷ ನಮ್ಮ ರೈತನಿಗೆ ಹೊರಗಿನ ಪೇಟೆ ಮುಚ್ಚಿತ್ತು, ಹೊರಗಿನವರಿಗೆ ನಮ್ಮ ಪೇಟೆ ತೆರೆದಿತ್ತು. 2017ರಲ್ಲಿ ಆಮದಿಗೆ ಮಿತಿ. 2021ರ ಮೇ 15ಕ್ಕೆ ಮಿತಿ ರದ್ದು, ಮತ್ತೆ ಮುಕ್ತ ಆಮದು. ಅದೇ ವರ್ಷ ಮ್ಯಾನ್ಮಾರ್‌ನಿಂದ ವರ್ಷಕ್ಕೆ 1 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್ ತೊಗರಿಗೆ ಐದು ವರ್ಷದ ಒಪ್ಪಂದ. 2023ರ ಜೂನ್‌ನಲ್ಲಿ ವ್ಯಾಪಾರಿಗಳಿಗೆ, ಗಿರಣಿಗಳಿಗೆ ದಾಸ್ತಾನಿನ ಮಿತಿ. ಆ ವರ್ಷದ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ರಫ್ತು ಕಂಪನಿಗಳ ವ್ಯಾಜ್ಯದಿಂದ ತೊಗರಿ ಹಡಗು ಹತ್ತದೆ ನಿಂತಿತು, ಇಲ್ಲಿ ಧಾರಣೆ ಏರಿತು. ಕ್ವಿಂಟಲ್‌ಗೆ 10 ಸಾವಿರ ದಾಟಿದ ಆ ದಿನಗಳಲ್ಲಿ ಜಿಲ್ಲೆಯಲ್ಲಿ ಒಂದು ಹುರುಪಿತ್ತು. ಮುಂದಿನ ಹಂಗಾಮಿಗೆ ಎಲ್ಲರೂ ತೊಗರಿಯನ್ನೇ ಬಿತ್ತಿದರು. 2025ರ ಜನವರಿಯಲ್ಲಿ ಆ ರಾಶಿ ಗಂಜಿಗೆ ಬರುವ ಹೊತ್ತಿಗೆ ಸರಿಯಾಗಿ, ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ ಆದೇಶ ಬಂತು. ಧಾರಣೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಕೊಡುವುದಾಗಿ ಹೇಳಿ ಖರೀದಿ ಕೇಂದ್ರ ತೆರೆಯಬೇಕಾಯಿತು. 2024-25ರಲ್ಲಿ ದೇಶಕ್ಕೆ ಬಂದ ತೊಗರಿ 12 ಲಕ್ಷ ಟನ್‌ಗೂ ಹೆಚ್ಚು. ಎಲ್ಲ ಬೇಳೆಕಾಳು ಸೇರಿ ಆಮದು 70 ಲಕ್ಷ ಟನ್ ದಾಟಿತು. ಅದರಲ್ಲಿ ಕೆನಡಾ, ರಷ್ಯಾಗಳ ಹಳದಿ ಬಟಾಣಿಯ ಪಾಲು ದೊಡ್ಡದು. ಬಟಾಣಿ ಬೇಳೆ ಅಗ್ಗವಾದಷ್ಟೂ ತೊಗರಿಯ ಬೆಲೆ ಏಳುವುದಿಲ್ಲ.

ಆಳಂದದ ತೊಗರಿ ಜಿನೀವಾದ ಕಡತಕ್ಕೂ ಹೋಗಿದೆ. 2019ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಒಂದು ಆಕ್ಷೇಪ ದಾಖಲಿಸಿದವು. ಭಾರತ ಐದು ಬೇಳೆಕಾಳುಗಳಿಗೆ ಕೊಡುವ ಬೆಂಬಲ ಬೆಲೆ ಆ ಸಂಸ್ಥೆಯ ಒಪ್ಪಂದದ ಮಿತಿಯನ್ನು ಮೀರಿದೆ ಎಂಬುದು ಅವುಗಳ ವಾದ. ಐದರಲ್ಲಿ ತೊಗರಿಯೂ ಒಂದು. ಘೋಷಿಸಿದ ಬೆಲೆಯನ್ನು ಬೆಳೆದ ಅಷ್ಟೂ ತೊಗರಿಗೆ ಕೊಟ್ಟಂತೆ ಲೆಕ್ಕ ಹಿಡಿದರೆ ಆ ವಾದ ಸರಿ ಎನಿಸಬಹುದು. ಖರೀದಿ ಕೇಂದ್ರದ ಮುಂದೆ ಸಾಲು ನಿಂತು, ಎಕರೆಗೆ ಇಷ್ಟೇ ಎಂಬ ಮಿತಿಯಲ್ಲಿ ಒಂದಷ್ಟು ತೂಗಿಸಿ, ಉಳಿದದ್ದನ್ನು ಸಿಕ್ಕ ಧಾರಣೆಗೆ ಗಂಜಿನಲ್ಲಿ ಸುರಿದು ಬಂದವರನ್ನು ಕೇಳಿದರೆ ಗೊತ್ತಾಗುತ್ತದೆ, ಕಡತದಲ್ಲಿರುವ ಬೆಂಬಲವೆಷ್ಟು, ಕೈಗೆ ಬಂದದ್ದೆಷ್ಟು ಎಂದು.

ಮಣ್ಣಿನ ಲೆಕ್ಕ

ಬೆಲೆಯ ಏರಿಳಿತ ಕಿಸೆಯನ್ನಷ್ಟೇ ಅಲ್ಲ, ಹೊಲವನ್ನೂ ಕೆಡಿಸುತ್ತದೆ. ಇದನ್ನು ಯಾರೂ ಸಾಕಷ್ಟು ಹೇಳುತ್ತಿಲ್ಲ.

ಹಳೆಯವರು ತೊಗರಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಸಾಲಿನ ನಡುವೆ ಹೆಸರು, ಉದ್ದು, ಎಳ್ಳು; ಕೆಲವು ಕಡೆ ಸಜ್ಜೆ, ಜೋಳ. ಹೆಸರು ಎರಡು ತಿಂಗಳಿಗೆ ಕೈಗೆ ಬಂದು ಹಬ್ಬದ ಖರ್ಚಿಗೆ ಆಗುತ್ತಿತ್ತು, ತೊಗರಿ ಆರು ತಿಂಗಳು ನಿಂತು ವರ್ಷದ ಸಾಲ ತೀರಿಸುತ್ತಿತ್ತು. ಇದರ ಹಿಂದೆ ಇನ್ನೊಂದು ವಿವೇಕವಿತ್ತು. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ತೊಗರಿಯ ಜೊತೆಗೋ ತೊಗರಿಯ ನಂತರವೋ ಜೋಳ ಹಾಕಿದರೆ ಅದರ ಹಾವಳಿ ತಗ್ಗುತ್ತದೆ ಎಂದು ಈಗ ವಿಜ್ಞಾನಿಗಳು ಹೇಳುತ್ತಾರೆ. ಧಾರಣೆ ಏರಿದಾಗ ಜೋಳಕ್ಕೆ ಯಾರು ಸಾಲು ಬಿಡುತ್ತಾರೆ? ಹೊಲವೆಲ್ಲ ತೊಗರಿ, ಮುಂದಿನ ವರ್ಷವೂ ಅದೇ ಹೊಲಕ್ಕೆ ತೊಗರಿ. ಮೂರನೆಯ ವರ್ಷ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯುದ್ದಕ್ಕೂ ನೆಟೆ ರೋಗ ಬಡಿದು ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾದದ್ದನ್ನು ಈ ಭಾಗದವರು ಮರೆತಿಲ್ಲ. ಅದನ್ನು ಬರೀ ರೋಗ ಎಂದು ಕರೆದು ಮುಗಿಸಲಾಗದು. ಬೆಲೆಯ ಆಸೆ ತೋರಿಸಿ ಮಿಶ್ರ ಬೆಳೆ ಬಿಡಿಸಿದ ಪೇಟೆಗೂ ಅದರಲ್ಲಿ ಪಾಲಿದೆ.

ಅದಕ್ಕೂ ಮೊದಲು 1997-98ರ ಹಂಗಾಮಿದೆ. ಹೂ ಬಿಡುವ ಹೊತ್ತಿಗೆ ಮೋಡ, ಅಕಾಲದ ಮಳೆ; ಬೆನ್ನಿಗೇ ಕಾಯಿಕೊರಕ. ಎಷ್ಟು ಔಷಧ ಹೊಡೆದರೂ ಹುಳು ಸಾಯಲಿಲ್ಲ. ಬೀದರ್, ಗುಲ್ಬರ್ಗ ಜಿಲ್ಲೆಗಳಲ್ಲಿ ರೈತರು ಜೀವ ಕಳೆದುಕೊಂಡ ಸುದ್ದಿ ರಾಜ್ಯವನ್ನು ನಡುಗಿಸಿದ್ದು ಆಗಲೇ. ಆ ಸಂಕಟದ ಆಸುಪಾಸಿನಲ್ಲಿ ಈ ಜಿಲ್ಲೆಯ ರೈತರು ಹಳೆಯ ಉಪಾಯವೊಂದಕ್ಕೆ ಮರಳಿದರು. ಒಬ್ಬರು ತೊಗರಿ ಗಿಡ ಹಿಡಿದು ಅಲ್ಲಾಡಿಸುವುದು, ಉದುರಿದ ಹುಳುಗಳನ್ನು ಸಾಲಿನಲ್ಲಿ ಎಳೆದುಕೊಂಡು ಬರುವ ತಾಡಪತ್ರಿಯಲ್ಲಿ ಹಿಡಿಯುವುದು. ಕೂಲಿ ಖರ್ಚು ಬಿಟ್ಟರೆ ಬೇರೇನಿಲ್ಲ. ವಿಜ್ಞಾನಿಗಳು ಬಂದು ನೋಡಿ, ಪ್ರಯೋಗ ಮಾಡಿ, ಇದು ಕೆಲಸ ಮಾಡುತ್ತದೆ ಎಂದು ಬರೆದರು. ಜಗತ್ತಿಗೆ ನಾವು ಕೊಟ್ಟ ಇಂಥ ಅರಿವಿಗೆ ಯಾವ ಒಪ್ಪಂದದಲ್ಲೂ ಬೆಲೆ ಕಟ್ಟಿಲ್ಲ.

ತೊಗರಿ ತಾನೇ ಒಂದು ದೊಡ್ಡ ಕೊಡುಗೈ. ಅದರ ತಾಯಿಬೇರು ಎರಿ ಭೂಮಿಯ ಗಟ್ಟಿ ಪದರ ಒಡೆದು ಆಳಕ್ಕಿಳಿಯುತ್ತದೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ. ಉದುರಿದ ಎಲೆ ಹೊಲಕ್ಕೇ ಗೊಬ್ಬರ, ಹೊಟ್ಟು ದನಕ್ಕೆ ಮೇವು, ಕಟ್ಟಿಗೆ ಒಲೆಗೆ. ಹೊಳೆಯ ನೀರನ್ನು ಅದು ಕೇಳುವುದಿಲ್ಲ, ಮಳೆಯಲ್ಲೇ ಬೆಳೆಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರು ಬೇಳೆಕಾಳುಗಳ ಬಗ್ಗೆ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇದೇ ಮಾತಿತ್ತು. ಬೇಳೆಕಾಳು ಬೆಳೆಯುವ ರೈತ ನೀರು ಉಳಿಸುತ್ತಾನೆ, ರಸಗೊಬ್ಬರ ಉಳಿಸುತ್ತಾನೆ, ಹವೆ ಕೆಡದಂತೆ ನೋಡಿಕೊಳ್ಳುತ್ತಾನೆ. ಸಮಾಜಕ್ಕೆ ಆಗುವ ಈ ಲಾಭವನ್ನೂ ಬೆಂಬಲ ಬೆಲೆಯಲ್ಲಿ ಎಣಿಸಬೇಕು ಎಂದು ವರದಿ ಹೇಳಿತು. ರಫ್ತು ನಿಷೇಧ, ದಾಸ್ತಾನು ಮಿತಿಗಳನ್ನು ಕೈಬಿಡಿ ಎಂದೂ ಹೇಳಿತು. ರಫ್ತು ನಿಷೇಧ ಮರುವರ್ಷವೇ ಹೋಯಿತು. ದಾಸ್ತಾನು ಮಿತಿ ಮತ್ತೆ ಮತ್ತೆ ಬಂತು. ಮಣ್ಣಿಗೆ ಕೊಟ್ಟದ್ದರ ಲೆಕ್ಕವಂತೂ ಇನ್ನೂ ಯಾರೂ ತೆರೆದಿಲ್ಲ.

ಭೀಮೆಯ ದಂಡೆಯ ಸಿಂಗಾಪುರ

ಕಬ್ಬಿನ ಮಾತಿಗೆ ಬಂದರೆ ಎಲ್ಲವೂ ತಲೆಕೆಳಗು. ಅಫಜಲಪುರ ತಾಲ್ಲೂಕಿನ ಹಾವಳಗಾದಲ್ಲಿ ರೇಣುಕಾ ಶುಗರ್ಸ್ ಕಾರ್ಖಾನೆ ಇದೆ, ಚಿಣಮಗೇರಾದಲ್ಲಿ ಕೆಪಿಆರ್. ಆಳಂದದ ಭೂಸನೂರಿನಲ್ಲಿ ಎನ್‌ಎಸ್‌ಎಲ್, ಜೇವರ್ಗಿ ಕಡೆಯ ಮಳ್ಳಿಯಲ್ಲಿ ಉಗಾರ. ಒಂದು ಕಾಲಕ್ಕೆ ತೊಗರಿ, ಜೋಳ ಬಿಟ್ಟರೆ ಬೇರೆ ಕಾಣದಿದ್ದ ದಂಡೆಯಲ್ಲಿ ಈಗ ಮೈಲುಗಟ್ಟಲೆ ಕಬ್ಬು. ಅಫಜಲಪುರದ ಸೊನ್ನ ಬ್ಯಾರೇಜು, ನದಿಗೆ ಇಳಿಬಿಟ್ಟ ಪಂಪುಗಳು, ಕೊಳವೆ ಸಾಲುಗಳು ಅದಕ್ಕೆ ನೀರು ಕುಡಿಸುತ್ತವೆ.

ರೇಣುಕಾದ ಕಥೆ ಈ ನೆಲದ ಜಾಗತೀಕರಣದ ನೇರ ಉದಾಹರಣೆ. ಬೆಳಗಾವಿ ಮೂಲದ ಕಂಪನಿ. ಬೆಳೆದು ಬೆಳೆದು 2010ರಲ್ಲಿ ಬ್ರೆಜಿಲ್‌ನಲ್ಲಿ ಸಕ್ಕರೆ ಕಾರ್ಖಾನೆಗಳನ್ನು ಕೊಂಡಿತು. ಕನ್ನಡ ನಾಡಿನ ಕಂಪನಿಯೊಂದು ಸಕ್ಕರೆಯ ದೊಡ್ಡಣ್ಣನ ಅಂಗಳಕ್ಕೇ ಹೋಯಿತೆಂದು ಆಗ ಎಲ್ಲರಿಗೂ ಹೆಮ್ಮೆ. ಅಲ್ಲಿ ಸಕ್ಕರೆ ಬೆಲೆ ಬಿತ್ತು, ಸಾಲ ಬೆಳೆಯಿತು, 2015ರಲ್ಲಿ ಬ್ರೆಜಿಲ್‌ನ ಘಟಕ ಅಲ್ಲಿನ ನ್ಯಾಯಾಲಯದ ರಕ್ಷಣೆ ಕೋರಿತು. 2014ರಲ್ಲಿ ಪಾಲು ಕೊಂಡಿದ್ದ ಸಿಂಗಾಪುರದ ವಿಲ್ಮಾರ್ 2018ರಲ್ಲಿ ಕಂಪನಿಯ ಹಿಡಿತ ತೆಗೆದುಕೊಂಡಿತು. ಹೀಗೆ ಹಾವಳಗಾದ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವ ಅಫಜಲಪುರದ ರೈತನ ಕಬ್ಬಿಗೆ ಸಿಂಗಾಪುರದಲ್ಲೊಬ್ಬ ಯಜಮಾನನಿದ್ದಾನೆ. ಇದರಿಂದ ಆತನಿಗೆ ಕೇಡೇ ಆಯಿತೆಂದು ನಾನು ಹೇಳಲಾರೆ. ಕಾರ್ಖಾನೆ ನಡೆಯುತ್ತಿದೆ, ಕಬ್ಬು ನುರಿಸುತ್ತಿದೆ. ಎಷ್ಟೋ ಮನೆಗಳಿಗೆ ಮಾಳಿಗೆ ಬಂದದ್ದು ಕಬ್ಬಿನಿಂದಲೇ.

ಆದರೆ ಎರಡು ಬೆಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ಬೆಲೆ ಕೊಡುವುದು ಕಾರ್ಖಾನೆಗೆ ಕಾನೂನಿನ ಕಡ್ಡಾಯ. 2024-25ಕ್ಕೆ ಅದು ಕ್ವಿಂಟಲ್‌ಗೆ 340 ರೂಪಾಯಿ, ಮರುವರ್ಷ 355. ತಡವಾಗುತ್ತದೆ, ಬಾಕಿ ಉಳಿಯುತ್ತದೆ, ಅದಕ್ಕಾಗಿ ರಸ್ತೆಗಿಳಿಯಬೇಕಾಗುತ್ತದೆ, ಎಲ್ಲ ನಿಜ. ಆದರೂ ಕೊಳ್ಳುವವನೊಬ್ಬ ಇದ್ದಾನೆ. ತೊಗರಿಯ ಬೆಂಬಲ ಬೆಲೆಗೆ ಅಂಥ ಕಡ್ಡಾಯವಿಲ್ಲ. ಹೊಳೆ ಹೀರುವ ಬೆಳೆಗೆ ಭರವಸೆ, ಮಳೆಯಲ್ಲೇ ಬೆಳೆದು ಮಣ್ಣಿಗೆ ಕೊಡುವ ಬೆಳೆಗೆ ಅನುಮಾನ. ರೈತ ಕಬ್ಬಿನತ್ತ ವಾಲಿದರೆ ಅವನ ಮೇಲೆ ಯಾವ ಬಾಯಿಂದ ತಪ್ಪು ಹೊರಿಸುವುದು?

ಭೀಮೆಯಾದರೂ ನಮ್ಮ ಕೈಯಲ್ಲಿದೆಯೇ? ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ಬಿಟ್ಟರೆ ನೀರು, ಬಿಡದಿದ್ದರೆ ಮರಳು. 2024ರ ಬೇಸಿಗೆಯಲ್ಲಿ ಅಫಜಲಪುರದ ಜನ ಕುಡಿಯುವ ನೀರಿಗಾಗಿ ಹೋರಾಟಕ್ಕೆ ಕುಳಿತಿದ್ದರು. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರಿನಲ್ಲೂ ಅದೇ ಹೊಳೆ ದಂಡೆ ಮೀರಿ ಬಂದು ನಿಂತ ಬೆಳೆಯನ್ನು ಕೊಳೆಸಿತು. ಈ ನೀರಿನಲ್ಲಿ ಬೆಳೆದ ಕಬ್ಬಿನ ಸಕ್ಕರೆಯೂ ಜಿನೀವಾದ ಕಡತಕ್ಕೆ ಹೋಗಿದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರು ಕೊಟ್ಟು, 2021ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಭಾರತದ ಸಕ್ಕರೆ ನೆರವು ನಿಯಮಕ್ಕೆ ವಿರುದ್ಧ ಎಂದಿತು. ಭಾರತ ಮೇಲ್ಮನವಿ ಹಾಕಿತು. ಕೆಲವೇ ತಿಂಗಳಲ್ಲಿ ಭಾರತವೇ ಸಕ್ಕರೆ ರಫ್ತಿಗೆ ಲಗಾಮು ಹಾಕಿತು. ನನ್ನ ಪ್ರಶ್ನೆ ಬೇರೆ: ಒಂದೊಂದು ಚೀಲ ಸಕ್ಕರೆಯ ಜೊತೆ ಭೀಮೆಯ ಎಷ್ಟು ನೀರು ಕಡಲು ದಾಟಿ ಹೋಗುತ್ತದೆ ಎಂಬ ಲೆಕ್ಕವನ್ನು ಜಿನೀವಾದಲ್ಲಾಗಲಿ ದೆಹಲಿಯಲ್ಲಾಗಲಿ ಯಾರಾದರೂ ಕೇಳಿದರೆ?

ಜೇವರ್ಗಿಯ ಹತ್ತಿಯದೂ ಇದೇ ಜಾಡು. 2002ರಲ್ಲಿ ಬಿಟಿ ಬೀಜಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಹತ್ತಿ ಈ ಕಡೆ ಹಬ್ಬಿತು. ಕೆಲವು ವರ್ಷ ಕೈ ಹಿಡಿಯಿತು, ಆಮೇಲೆ ಗುಲಾಬಿ ಕಾಯಿಕೊರಕ ಆ ಬೀಜವನ್ನೂ ಮೀರಿತು. 2025ರ ಆಗಸ್ಟ್ 19ರಂದು, ಅಮೆರಿಕದ ಸುಂಕದ ಪೆಟ್ಟಿನಿಂದ ಬಟ್ಟೆ ಉದ್ಯಮವನ್ನು ಉಳಿಸಲೆಂದು, ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೇಂದ್ರ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ನಂತರ ಡಿಸೆಂಬರ್‌ವರೆಗೆ ಎಳೆದರು. ಜೂನ್‌ನಲ್ಲಿ ಬಿತ್ತಿದ ಜೇವರ್ಗಿಯ ರೈತನ ಹತ್ತಿ ಒಡೆದು ಬಿಡಿಸುವ ತಿಂಗಳುಗಳು ಅವೇ. ವಾಷಿಂಗ್ಟನ್ ತಿರುಪ್ಪೂರಿನ ಬಟ್ಟೆ ಉದ್ಯಮದ ಮೇಲೆ ಹಾಕಿದ ಭಾರ ಕೊನೆಗೆ ಅವನ ಹೆಗಲಿಗೆ ಬಂತು.

ಕಣಜದ ಪಾಲು

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ದೇಶದ ಆರ್ಥಿಕತೆ ತೆರೆದುಕೊಂಡು ಹತ್ತು ವರ್ಷ ದಾಟಿದ್ದ ಹೊತ್ತು ಅದು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನ ಬಂತು, ರಸ್ತೆ, ಶಾಲೆಗಳಲ್ಲಿ ಬದಲಾವಣೆ ಕಾಣುತ್ತಿದೆ. ಆದರೆ ರಾಶಿ ಮುಗಿದ ಮೇಲೆ ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳ ಸಾಲು ನಿಂತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಮರಳಿದವರ ಸಂಖ್ಯೆ ನೋಡಿ ಜಿಲ್ಲಾಡಳಿತವೇ ತತ್ತರಿಸಿತ್ತು. ಬಿತ್ತಿದ್ದು ಕೈಗೆ ಬಂದು, ಬಂದದ್ದಕ್ಕೆ ನ್ಯಾಯವಾದ ಬೆಲೆ ಸಿಕ್ಕಿದ್ದರೆ ಅವರಲ್ಲಿ ಎಷ್ಟೋ ಜನ ಊರಲ್ಲೇ ಇರುತ್ತಿದ್ದರು.

ತೊಗರಿ ಬೆಳೆಯುವ ಊರಿಗೆ ಬೇಳೆಯ ಲಾಭ ಸಿಗದಿರುವುದು ಇದಕ್ಕೊಂದು ದೊಡ್ಡ ಕಾರಣ. ಕಲಬುರಗಿಯ ಕಪನೂರ, ನಂದೂರ ಕೈಗಾರಿಕಾ ಪ್ರದೇಶಗಳ ದಾಲ್ ಮಿಲ್‌ಗಳು ಒಂದು ಕಾಲದ ಜೀವನಾಡಿ. ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರಡಿ, ಒಡೆದು ಬೇಳೆ ಮಾಡುವ ಕೆಲಸದಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತಿತ್ತು. ತೊಗರಿ ಹಡಗಿನಲ್ಲಿ ಬರತೊಡಗಿದ ಮೇಲೆ ಬಂದರಿಗೆ ಹತ್ತಿರದ ಗಿರಣಿಗೆ ಅನುಕೂಲ, ದೂರದ ಕಲಬುರಗಿಗೆ ಸಾಗಣೆಯ ಹೊರೆ. ಎಷ್ಟೋ ಮಿಲ್‌ಗಳಿಗೆ ಬೀಗ ಬಿದ್ದಿದೆ. ನಮ್ಮ ತೊಗರಿ ಅಕೋಲಾ, ಲಾತೂರ, ಇಂದೋರಿಗೆ ಹೋಗಿ ಒಡೆದು, ಬೇರೆಯವರ ಹೆಸರಿನ ಪೊಟ್ಟಣದಲ್ಲಿ ನಮ್ಮೂರ ಅಂಗಡಿಗೇ ಮರಳುತ್ತದೆ. ಭೌಗೋಳಿಕ ಸೂಚಿಯ ಮುದ್ರೆ ಬೆಲೆಯಾಗಿ ಮಾರ್ಪಡಬೇಕಾದರೆ ಆ ಬೇಳೆ ಇಲ್ಲೇ ಒಡೆಯಬೇಕು, ಇಲ್ಲೇ ಪೊಟ್ಟಣವಾಗಬೇಕು, ಲೆಮನ್ ಜೊತೆ ಬೆರೆಯದ ಶುದ್ಧ ಗುಲ್ಬರ್ಗ ಬೇಳೆ ಎಂದು ಕೊಳ್ಳುವವರಿಗೆ ಖಾತ್ರಿಯಾಗಬೇಕು. ದುಬೈಯಲ್ಲೂ ನ್ಯೂಜೆರ್ಸಿಯಲ್ಲೂ ನಮ್ಮವರು ಬೇಳೆ ಹುಡುಕಿ ಕೊಳ್ಳುತ್ತಾರೆ. ರಫ್ತಿನ ಬಾಗಿಲು 2017ರಿಂದ ತೆರೆದೇ ಇದೆ. ಅದನ್ನು ದಾಟಲು ಕಲಬುರಗಿಯ ತೊಗರಿ ಅಭಿವೃದ್ಧಿ ಮಂಡಳಿಗೆ ಹಣ, ಬಲ, ತಜ್ಞರು ಬೇಕು.

2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಬೇಳೆಕಾಳು ಸ್ವಾವಲಂಬನೆಗೆ ಆರು ವರ್ಷದ ಯೋಜನೆ ಘೋಷಿಸಿದೆ. ತೊಗರಿ, ಉದ್ದು, ಮಸೂರಿಗೆ ಆದ್ಯತೆ ಎಂದಿದೆ. 2025-26ರ ಬೆಂಬಲ ಬೆಲೆ 8,000 ರೂಪಾಯಿ. ಇದನ್ನು ನಂಬಬೇಕೆಂದು ನನಗೂ ಆಸೆ. ಆದರೆ ಹಳದಿ ಬಟಾಣಿಗೆ ಶೇ 30ರ ಸುಂಕ ಬಿದ್ದದ್ದು 2025ರ ನವೆಂಬರ್‌ನಲ್ಲಿ, ಅದೂ ಹೆಚ್ಚುಕಮ್ಮಿ ಎರಡು ವರ್ಷ ಸುಂಕವಿಲ್ಲದೆ ಹರಿದುಬಂದ ಮೇಲೆ. ಸ್ವಾವಲಂಬನೆ ಮತ್ತು ಸುಂಕವಿಲ್ಲದ ಆಮದು ಒಂದೇ ಮನೆಯಲ್ಲಿ ಬಾಳುವುದಿಲ್ಲ. ಪಟ್ಟಣದ ಬಡವರಿಗೆ ಬೇಳೆ ದುಬಾರಿಯಾಗಬಾರದು ಎಂಬ ಮಾತನ್ನು ಯಾರೂ ತಳ್ಳಿಹಾಕಲಾರರು. ಕೂಲಿಕಾರರ ತಟ್ಟೆಯ ಸಾರಿಗೂ ಬೇಳೆ ಬೇಕು. ಅದಕ್ಕೆ ಪಡಿತರದಲ್ಲಿ ಬೇಳೆ ಕೊಡುವ ದಾರಿ ಇದೆ, ಖರೀದಿಸಿದ ತೊಗರಿಯನ್ನು ಕಾಪು ದಾಸ್ತಾನಿನಿಂದ ಹೊರಬಿಡುವ ದಾರಿ ಇದೆ. ಆ ಹೊರೆಯನ್ನು ಆಳಂದದ ಎರಡೆಕರೆ ರೈತನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ.

ಕೇಳಬೇಕಾದದ್ದು ಕಷ್ಟದ್ದೇನಲ್ಲ. ತೊಗರಿ ಆಮದಿನ ಸುಂಕ ಎಷ್ಟು ಎಂದು ಮೇ ತಿಂಗಳಲ್ಲೇ, ರೋಹಿಣಿ ಮಳೆಗೆ ಮೊದಲೇ ಪ್ರಕಟಿಸಲಿ. ಹೊರಗಿನ ತೊಗರಿ ಇಲ್ಲಿ ಬಂದಿಳಿಯುವ ಬೆಲೆ ನಮ್ಮ ಬೆಂಬಲ ಬೆಲೆಗಿಂತ ಕೆಳಗಿಳಿಯದಂತೆ ಸುಂಕವನ್ನು ಅದಕ್ಕೇ ಕಟ್ಟಲಿ. ಒಮ್ಮೆ ಪ್ರಕಟಿಸಿದ್ದನ್ನು ಮುಂದಿನ ಮಾರ್ಚ್‌ವರೆಗೆ, ಕೊನೆಯ ಚೀಲ ಗಂಜು ಸೇರುವವರೆಗೆ ಮುಟ್ಟದಿರಲಿ. ಮೊಜಾಂಬಿಕ್‌ಗೆ ಕೊಟ್ಟ ಮಾತಿನ ಪ್ರಮಾಣವನ್ನೂ ಆಗಲೇ ತಿಳಿಸಲಿ, ಅಲ್ಲಿನವರೂ ನೋಡಿಕೊಂಡು ಬಿತ್ತುತ್ತಾರೆ. ಖರೀದಿ ಕೇಂದ್ರಗಳು ಎಳ್ಳಾಮಾಸಿಗೆ ಮೊದಲು ತೆರೆಯಲಿ. ಹೆಸರು, ಜೋಳದ ಜೊತೆ ತೊಗರಿ ಬಿತ್ತಿದವರಿಗೆ ಎಕರೆಗೆ ಇಷ್ಟು ಎಂದು ಸೇರಿಸಿ ಕೊಡಲಿ. ಅದು ಅವರು ಮಣ್ಣಿಗೆ ಕೂಡಿಸಿದ ಸಾರಜನಕದ, ಹೊಳೆಯಲ್ಲಿ ಉಳಿಸಿದ ನೀರಿನ ಬಾಕಿ.